ಕೊಂಡಿ

ಮುಹರ್ರಕ್ಕಿನ ಹಳೇ ಸೂಕಿನಲ್ಲಿ, ಮಧ್ಯಾಹ್ನ,
ಷಟರು ಅರ್ಧ ಎಳೆದು ಉಣ್ಣಲು ಕೂತಿದ್ದೆ.
ಬಗ್ಗಿ ಒಳಬಂದಳು ಮುದುಕಿ, ಉಮ್ ಜಾಸಿಮ್.
ಕರವಸ್ತ್ರದ ಗಂಟು ಬಿಚ್ಚಿ
ಅರೆ ಅರಬ್ಬಿ ಅರೆ ಹಿಂದಿಯಲ್ಲಿ ಅಂದಳು:
ಗುರುವಾರ ಮೊಮ್ಮಗಳ ಮದುವೆ,
ಇದಕ್ಕೊಂದು ಕೊಂಡಿ ಹಾಕು.

ಕೈ ತೊಳೆದು ತೂಗಿದೆ. ಏಳು ಗ್ರಾಮಿಗೆ ಚೂರು ಹೆಚ್ಚು;
ಅಪ್ಪನಾದರೆ ಅರವತ್ತು ಗುಲಗಂಜಿ ಅನ್ನುತ್ತಿದ್ದ.
ಒರೆಗಲ್ಲು ತೆಗೆಯಲಿಲ್ಲ. ಹಳದಿಯೇ ಹೇಳುತ್ತಿತ್ತು.

ಒಂದು ಮೈಗೆ ರೋಮಿನ ಯಾವನೋ ದೊರೆ,
ದಪ್ಪ ಕುತ್ತಿಗೆ, ಅದಕ್ಕೆ ಅಡ್ಡಲಾಗಿ ಉಳಿಯ ಗೀರು.
ಒಳಗೆ ತಾಮ್ರವೇನಾದರೂ ಇದೆಯೇ ಅಂತ
ಕೊಯ್ದು ನೋಡಿದ್ದಾನೆ, ಯಾವ ಬಂದರಿನಲ್ಲೋ,
ರಾಜನ ಮುಖ ನಂಬದ ನನ್ನಂಥವನೊಬ್ಬ.

ಇನ್ನೊಂದು ಮೈಗೆ ಅವಳು.
ಬೆನ್ನಿಗೆ ರೆಕ್ಕೆ, ಕೈಯಲ್ಲಿ ಎಲೆಯ ದಂಡೆ,
ಗೋಲಿಯಷ್ಟು ಭೂಮಿಯ ಮೇಲೆ ಕಾಲ್ಬೆರಳ ತುದಿ,
ಉಟ್ಟದ್ದೆಲ್ಲ ಹಿಂದಕ್ಕೆ ಹಾರಿ—
ಉಗುರಿನಗಲದಲ್ಲಿ ಗಾಳಿ ಕೆತ್ತಿದ್ದಾನೆ ಮಾರಾಯ!
ನಾವು ಚಂಚಲೆ ಚಂಚಲೆ ಅನ್ನುತ್ತಲೇ
ಕಾಸಿನ ಸರದ ಒಂದೊಂದು ಕಾಸಿನಲ್ಲೂ
ಲಕ್ಷ್ಮಿಯನ್ನು ಚಕ್ಕಂಬಕ್ಕಳ ಕೂರಿಸಿದೆವು.
ಇವರು ರೆಕ್ಕೆ ಹಚ್ಚಿ ನಿಜ ಹೇಳಿಬಿಟ್ಟರು.

ಎಲ್ಲಿಯದಿದು ಎಂದೆ.
ಅಜ್ಜ ಮೂಗಿಗೆ ಚಿಮುಟ ಸಿಕ್ಕಿಸಿ, ಕಾಲಿಗೆ ಕಲ್ಲು ಕಟ್ಟಿ
ಮುತ್ತಿಗೆ ಮುಳುಗುತ್ತಿದ್ದ;
ಕಡಲು ಕೊಟ್ಟದ್ದೋ, ಕಳ್ಳತನದ್ದೋ,
ಕೇಳೋಣವೆಂದರೆ ಅವನಿಲ್ಲ, ಅಂದಳು.
ಇದು ಮ್ಯೂಸಿಯಮ್ಮಿಗೆ ಸೇರಬೇಕಾದ್ದು, ಬೆಂಕಿ ಸೋಕಬಾರದು ಎಂದೆ.
ಗಾಜಿನ ಪೆಟ್ಟಿಗೆಯಲ್ಲಿ ಯಾರ ಮದುವೆ? ಅಂದಳು.

ಆಮೇಲೆ ಕಂಡದ್ದು ಅಚ್ಚಿನ ಕುಚೋದ್ಯ:
ಅವಳ ತಲೆಗೆ ಕೊಂಡಿ ಇಟ್ಟರೆ
ಹಿಂದೆ ದೊರೆ ತಲೆಕೆಳಗು.
ಅವನನ್ನು ನೆಟ್ಟಗೆ ಮಾಡಿದರೆ
ಇವಳು ಬಾವಲಿಯ ಹಾಗೆ ತೂಗುತ್ತಾಳೆ.
ತಿರುಗಿಸಿ ತಿರುಗಿಸಿ ತೋರಿಸಿದೆ.
ಮುದುಕಿ ನಕ್ಕಳು, ಎರಡೇ ಹಲ್ಲು:
ಅವನಿಗೇನು ನಾವು ಊಟ ಹಾಕಬೇಕೆ? ತೂಗಲಿ ಬಿಡು.

ಬಿಳಿಗಾರ ಸವರಿ, ಬೆಸುಗೆಯ ತುಣುಕಿಟ್ಟು,
ಉಸಿರು ಕಟ್ಟಿ ಊದಿದೆ ಊದುಗೊಳವೆ.
ಹಿಡಿದುಕೊಂಡಿತು. ಚೆನ್ನಾಗಿಯೇ ಹಿಡಿದುಕೊಂಡಿತು.
ಆದರೆ ಜ್ವಾಲೆ ಒಂದು ಚಣ ಹೆಚ್ಚು ನಿಂತಿತ್ತು,
ಎಡ ರೆಕ್ಕೆಯ ತುದಿಯ ಒಂದು ಗರಿ
ಬೆಣ್ಣೆಯ ಹಾಗೆ ಮೆತ್ತಗಾಗಿ ಅಳಿಸಿಹೋಯಿತು.

ಎರಡು ಸಾವಿರ ವರ್ಷ
ಯಾರ ಕಿಸೆಯಲ್ಲೂ ಸವೆಯದ ಗರಿ.

ಮಜೂರಿ ಬೇಡವೆಂದೆ, ಮದುವೆಯ ಉಡುಗೊರೆ ಎಂದೆ.
ಗಲ್ಲ ಸವರಿ ಹರಸಿದಳು.
ಅನ್ನ ಆರಿತ್ತು, ಸಾರಿನ ಮೇಲೆ ಕೆನೆ ಕಟ್ಟಿತ್ತು.
ಷಟರು ಪೂರಾ ಎಳೆದು
ಕತ್ತಲಲ್ಲೇ ಉಂಡೆ.