ಚಾಸಿ ನಂಬರು

ಮೂವತ್ತೊಂದು ವರ್ಷ ಸಾಗರದ ಆಸ್ಪತ್ರೆಯ ಆ ಕಿಟಕಿಯ ಪಕ್ಕ
ಒಂದು ಕಣ್ಣು ಮುಚ್ಚಿ ಕೂತಿದ್ದೆ.
ಗಾಜಿನ ಪಟ್ಟಿಯ ಮೇಲೆ ಒಣಗಿದ ರಕ್ತ,
ಅದಕ್ಕೆ ಜೀಮ್ಸಾ ಬಣ್ಣ, ಮೇಲೊಂದು ಹನಿ ಎಣ್ಣೆ.
ಆಮೇಲೆ ಕಾಣುತ್ತಿತ್ತು:
ನೀಲಿ ಉಂಗುರ, ಅದಕ್ಕೊಂದು ಕೆಂಪು ಹರಳು.
ಅಕ್ಕಸಾಲಿಗನೂ ನಾಚಬೇಕು, ಅಷ್ಟು ಚೆಂದ.
ಚೆಂದ ಅಂತ ರಿಜಿಸ್ಟರಿನಲ್ಲಿ ಬರೆಯುವಂತಿಲ್ಲ.
ಪಿ.ಎಫ್. ಅಂತ ಬರೆದು, ಸಹಿ ಹಾಕಿ,
ಮುಂದಿನ ಪಟ್ಟಿ ಎತ್ತಿಕೊಳ್ಳುತ್ತಿದ್ದೆ.

ಸುಂಕವ್ವ ಬಂದಿದ್ದು ಜಲ್ಲಿ ಕ್ರಷರಿನಿಂದ,
ಹುಬ್ಬಿನ ಮೇಲೂ ಬಿಳಿ ಧೂಳು.
ಜೂನಿನಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ,
ದೀಪಾವಳಿ ಮುಗಿದ ವಾರ ಮತ್ತೊಮ್ಮೆ.
"ಅದ ಜ್ವರ ಏನ್ರೀ ಅಕ್ಕಾರ, ತಿರುಗಿ ಬಂದದ್ದು?"
"ಹೌದಮ್ಮ, ಅದೇ" ಅಂದೆ.
ಉಂಗುರ ಅದೇ ಇತ್ತಲ್ಲ.
"ಮಾತ್ರೆ ಸರಿಯಾಗಿ ನುಂಗಿಲ್ಲ ನೀನು" ಅಂತಲೂ ಅಂದೆ.
ಅವಳು ಮಾತಾಡದೆ ಸೆರಗಿನ ಗಂಟು ಬಿಚ್ಚಿ
ಮಾತ್ರೆಯ ಹಾಳೆಯನ್ನು ಮೇಜಿನ ಮೇಲಿಟ್ಟಳು.
ಎಲ್ಲ ಗುಳಿಯೂ ಒಡೆದಿತ್ತು. ಒಂದೂ ಉಳಿದಿರಲಿಲ್ಲ.

ಆ ಮಳೆಗಾಲದ ಉದ್ದಕ್ಕೂ ನಫೀಸಾ ಎಂಬ ಹುಡುಗಿ
ಕಾಗದದ ಮೇಲೆ ರಕ್ತದ ಚುಕ್ಕೆ ಇಳಿಸಿ,
ಫ್ಯಾನಿನ ಕೆಳಗೆ ಒಣಗಿಸಿ, ಲಕೋಟೆಗೆ ಹಾಕಿ
ಒಯ್ಯುತ್ತಿದ್ದಳು. ಬೇಸಿಗೆಗೆ ಅವಳ ಫೋನು:
"ಮೇಡಂ, ಸುಂಕವ್ವನ ಮೂರು ಜ್ವರ ಮೂರೂ ಬೇರೆ.
ಕೊನೆಯದರಲ್ಲಂತೂ ಒಂದೇ ಮೈಯಲ್ಲಿ ನಾಲ್ಕು ತಳಿ."
ತಳಿ ಅಂದರೆ ನನಗೆ ಗೊತ್ತಿದ್ದದ್ದು ಭತ್ತದ್ದು, ಎಮ್ಮೆಯದು.
ನನ್ನ ಮಸೂರಕ್ಕೆ ಎಲ್ಲ ಉಂಗುರವೂ ಒಂದೇ ಅಂಗಡಿಯದು.

ಹೇಗೆ ಅಂತ ಕೇಳಿದೆ.
ಮದುವೆ ನಡೆಯುವುದು ಸೊಳ್ಳೆಯ ಹೊಟ್ಟೆಯಲ್ಲಂತೆ.
ರಾಯಚೂರಿನ ಕಡೆಯಿಂದ ಬಂದದ್ದು, ಒಡಿಶಾದ್ದು,
ಇಲ್ಲೇ ಶರಾವತಿ ಹಿನ್ನೀರಿನ ಅಂಚಿನದು,
ಜಾತಕ ಕೇಳುವವರಿಲ್ಲ, ಗೋತ್ರ ಕೇಳುವವರಿಲ್ಲ.
ಹುಟ್ಟಿದವಕ್ಕೆ ಅಪ್ಪನ ಮೂಗು, ಅಮ್ಮನ ಹಣೆ,
ಯಾರದ್ದೂ ಅಲ್ಲದ ಹೊಸ ಮೇಲಂಗಿ.
ಲಸಿಕೆಗೆ ಹೇಳಿಕೊಟ್ಟಿರುವುದು
ಯಾವುದೋ ದೂರದೂರಿನ ಒಂದು ಮೇಲಂಗಿಯ ಗುರುತು.
ಅದನ್ನೇ ತೊಟ್ಟು ಬಂದವನು ಸಿಕ್ಕಿಬೀಳುತ್ತಾನೆ.
ಉಳಿದವರಲ್ಲಿ ಎಷ್ಟೋ ಮಂದಿ
ಬಾಗಿಲಲ್ಲಿ ನಮಸ್ಕಾರ ಹೇಳಿಯೇ ಒಳಗೆ ಬರುತ್ತಾರೆ.

ರಾತ್ರಿ ಬಡಿಸುತ್ತ ಇದನ್ನೇ ಹೇಳಿದೆ.
ನಮ್ಮನೆಯವರು ಅರಣ್ಯ ಇಲಾಖೆಯ ಗೇಟಿನಲ್ಲಿ
ಇಪ್ಪತ್ತು ವರ್ಷ ಅಡ್ಡಗಂಬ ಎತ್ತಿ ಇಳಿಸಿದವರು.
ಮೀನಿನ ಮುಳ್ಳು ಬಿಡಿಸುತ್ತ ನಕ್ಕರು:
"ನಮಗೂ ಮೇಲಿಂದ ಚೀಟಿ ಬರ್ತಿತ್ತು,
ಇಂಥ ನಂಬರಿನ ಲಾರಿ, ಗಂಧ ಸಾಗಿಸ್ತಿದೆ, ಬಿಡಬೇಡಿ.
ರಾತ್ರಿಯಿಡೀ ಕಾದರೂ ಆ ನಂಬರು ಬರ್ತಿರಲಿಲ್ಲ.
ಬೇರೆ ನಂಬರಿನದು ಹೋಗ್ತಿತ್ತು, ಘಮ್ ಅಂತ."
"ಮತ್ತೆ?"
"ಮತ್ತೇನು. ಬೋರ್ಡು ಬದಲಾಯಿಸೋಕೆ ಸ್ಪ್ಯಾನರ್ ಒಂದು ಸಾಕು.
ಚಾಸಿ ನಂಬರು ಕೆತ್ತಿದ್ದು. ಉಜ್ಜಿದರೆ ಉಜ್ಜಿದ್ದೂ ಕಾಣ್ತದೆ.
ಆದರೆ ಅದನ್ನ ಓದೋಕೆ ಲಾರಿ ಕೆಳಗೆ,
ಕೆಸರಲ್ಲಿ, ಅಂಗಾತ ಮಲಗ್ಬೇಕು ಮಾರಾಯ್ತಿ,
ಟಾರ್ಚು ಬಾಯಲ್ಲಿ ಕಚ್ಚಿಕೊಂಡು."
ಸಾರು ಹಾಕು ಅಂದರು. ಹಾಕಿದೆ.

ನಫೀಸಾಗೆ ಇದನ್ನು ಹೇಳಿದಾಗ
ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.
"ನಾವೆಲ್ಲ ಈಗ ಅಲ್ಲೇ ಮಲಗಿರೋದು ಮೇಡಂ,
ಬದಲಾಗದ ಅಕ್ಷರ ಯಾವುದು ಅಂತ ಹುಡುಕ್ತಾ.
ಅದಕ್ಕೇ ಇಷ್ಟು ಊರಿನ ಚುಕ್ಕೆ ಬೇಕು.
ಬದಲಾಗೋದನ್ನೆಲ್ಲ ನೋಡಿ ಮುಗಿಸದೆ
ಬದಲಾಗದ್ದು ಹೇಗೆ ಗೊತ್ತಾಗುತ್ತೆ?"

ಈಗ ನಾನು ನಿವೃತ್ತೆ. ಕ್ರಷರೂ ಮುಚ್ಚಿದೆ.
ಸುಂಕವ್ವ ಯಾವ ಊರಿನ ಯಾವ ಕಲ್ಲಿನ ಮುಂದಿದ್ದಾಳೋ.
ಅವಳ ಮೂರು ಚುಕ್ಕೆಗಳು ಎಲ್ಲೋ ಫ್ರೀಜರಿನಲ್ಲಿವೆ,
ಹೆಸರಿಲ್ಲ, ಬರೀ ನಂಬರು.
ಸಿಕ್ಕರೆ ಹೇಳಬೇಕಾದ್ದು ಬಹಳವೇನಿಲ್ಲ.
ಅದೇ ಅಲ್ಲವಮ್ಮ.
ಮಾತ್ರೆ ನೀನು ನುಂಗಿದ್ದೆ.