ಹಗ್ಗದಂಗಡಿ

ಮಲ್ಪೆಯ ಹಗ್ಗದಂಗಡಿಯಲ್ಲಿ ನಾನು ಕಲಿತದ್ದು
ಅಮ್ಮ ಕಲಿಸಿದ್ದಲ್ಲ.
ಕಲಿಸಲು ಪುರುಸೊತ್ತೆಲ್ಲಿ ಅವಳಿಗೆ?
ಮಾರಿನ ಲೆಕ್ಕದಲ್ಲಿ ನೈಲಾನ್ ಅಳೆದು,
ಕತ್ತರಿಸಿದ ತುದಿಯನ್ನು ಮೋಂಬತ್ತಿಗೆ ಹಿಡಿದು
ಕರಗಿದ್ದನ್ನು ಬರಿಬೆರಳಲ್ಲೇ ಒತ್ತುತ್ತಿದ್ದಳು.
ಎಳೆ ಬಿಚ್ಚಿಕೊಳ್ಳಬಾರದಲ್ಲ.

ಬೋಟು ಇಳಿಯುವ ಆಗಸ್ಟಿನಲ್ಲಿ ಎಲ್ಲರದೂ ಸಾಲ.
ಲೀಲಾಧರಣ್ಣನ ಬಾಕಿ ಬರೆಯುತ್ತಿರುವಾಗ
ಇನ್ನೊಬ್ಬ ಗಿರಾಕಿ ಮೆಟ್ಟಿಲು ಹತ್ತಿದರೆ
ಪುಸ್ತಕ ಮಗುಚಿ ಹಾಕುವಳು,
ಕಾವಲಿಯ ಮೇಲಿನ ದೋಸೆಯ ಹಾಗೆ, ಸದ್ದಿಲ್ಲದೆ.

ಮುಂಬಯಿಯ ಕಂಪನಿಯಿಂದ ಫೋನು ಬಂದರೆ
ನನ್ನ ಕಡೆಗೊಂದು ಹುಬ್ಬು.
"ಅಮ್ಮ ಇಲ್ಲ, ಉಡುಪಿಗೆ ಹೋಗಿದ್ದಾರೆ" ಎನ್ನುತ್ತಿದ್ದೆ
ಅವಳ ಸೆರಗಿಗೆ ಒರಗಿಕೊಂಡೇ.
ಹಣ ಕಳಿಸಿದ ದಿನ ಮಾತ್ರ ತಾನೇ ಎತ್ತಿ,
ಗಂಟಲು ಸರಿಮಾಡಿಕೊಂಡು, "ಹಲೋ."

ಈಗ ಗಲ್ಲಾದಲ್ಲಿ ನಾನು. ಮೋಂಬತ್ತಿ ಹೋಗಿ ಲೈಟರು ಬಂದಿದೆ.
ನಿನ್ನೆ ಯಾರೋ ಒಳಬರುವಾಗ
ಏಳು ವರ್ಷದ ಶಮಂತ
ಸಾಲದ ಪುಸ್ತಕವನ್ನು ಮೆಲ್ಲಗೆ ಮಗುಚಿಟ್ಟ.
ನಾನು ಹೇಳಿರಲಿಲ್ಲ. ಎದೆ ಉಬ್ಬಿತು, ಸುಳ್ಳೇಕೆ.

ಆಗಲೇ ಫೋನು.
ನನ್ನ ಹುಬ್ಬಿಗೂ ಕಾಯದೆ,
ರೆಪ್ಪೆ ಬಡಿಯದೆ ಅಂದ:
"ಅಪ್ಪ ಇಲ್ಲ, ಉಡುಪಿಗೆ ಹೋಗಿದ್ದಾರೆ."

ಆ ಕಡೆಯಿಂದ ನಕ್ಕದ್ದು
ನನ್ನ ಅಮ್ಮ.