ಗವಸಣಿಗೆ

ಕೋಟೆ ರಸ್ತೆಯ ನನ್ನ ಅಂಗಡಿಗೆ ಬಂದು
ಎಮರೆಂಶಿಯಾ ಟೀಚರ್ ಕೇಳಿದ್ದು ಇಷ್ಟೇ:
‘ಪಿಯಾನೋಗೊಂದು ಗವಸಣಿಗೆ ಹೊಲಿದುಕೊಡ್ತೀರಾ, ಅಂಬೋರೆ?
ನುಸಿ ಒಳಗಿನ ಬನಾತು ತಿನ್ನುತ್ತಿದೆ.’
ವೀಣೆಗೆ ಹೊಲಿದಿದ್ದೆ, ತಂಬೂರಿಗೆ, ಒಮ್ಮೆ ಸ್ಕೂಟರಿಗೆ.
ಇದರ ಮೈ ನೋಡಬೇಕು ಎಂದೆ.

ಭಾನುವಾರ ಹೋದೆ, ಕೊರಳಲ್ಲಿ ಟೇಪು.
ಭದ್ರಾವತಿಯ ಯಾವುದೋ ಕ್ಲಬ್ಬು ಮುಚ್ಚಿದಾಗ
ಲಾರಿಯಲ್ಲಿ ಬಂದದ್ದಂತೆ.
ಬಿಳಿ ಮನೆಗಳೆಲ್ಲ ಹಳದಿ, ನಡುವಿನದೊಂದು ಮೂಕ.
ನಾನು ಅದರ ಕಾಲ ಬಳಿ ಮಂಡಿಯೂರಿದ್ದೆ;
ಅವರು ನುಡಿಸತೊಡಗಿದರು.

ಕಣ್ಣಿಗೆ ಮೊದಲು ಬಿದ್ದದ್ದು ಎಡಗೈ.
ಕೆಳಗೆ, ಮೇಲೆ, ನಡುವೆ, ಮೇಲೆ,
ಕೆಳಗೆ, ಮೇಲೆ, ನಡುವೆ, ಮೇಲೆ —
ಅಯ್ಯೋ, ಇದು ನನ್ನ ಕಾಲು!
ನಲವತ್ತು ವರ್ಷ ಮಿಷನ್ನು ತುಳಿದ ಕಾಲು.
ಅದರ ಮೇಲೆ ಬಲಗೈ, ಒಂದೇ ದಾರ,
ಜರಿಯಿಲ್ಲ, ಗಂಟಿಲ್ಲ,
ಎಲ್ಲಿ ಹೊಕ್ಕಿತು, ಎಲ್ಲಿ ಹೊರಬಂತು
ಕನ್ನಡಕವಿಲ್ಲದೆಯೂ ಕಾಣುತ್ತಿತ್ತು.

‘ಇವರ ಅಪ್ಪಂದಿರ ಕಾಲದಲ್ಲಿ
ಬಟ್ಟೆಯೇ ಕಾಣದಷ್ಟು ಕಸೂತಿ,’ ಎಂದರು ಟೀಚರ್,
ಬೆರಳು ನಿಲ್ಲಿಸದೆ.
‘ನಾಲ್ಕು ದಾರ ಒಟ್ಟಿಗೇ ಓಡುತ್ತಿದ್ದವು,
ಯಾವುದು ಹಿರಿದೆಂದು ಕೇಳುವಂತಿಲ್ಲ.
ಇವರು ಕತ್ತರಿ ಹಿಡಿದವರು.’

ನಾಲ್ಕು ಎಣಿಕೆಗೆ ಒಂದು ಪ್ರಶ್ನೆ, ನಾಲ್ಕಕ್ಕೆ ಉತ್ತರ.
ಬಲತೋಳು, ಎಡತೋಳು.
ಉತ್ತರ ಒಮ್ಮೊಮ್ಮೆ ಒಂದಿಂಚು ಉದ್ದ;
ಅದು ಕೈತಪ್ಪಲ್ಲ, ತುಂಟತನ.

ವಿದ್ಯಾನಗರ ಬಿಟ್ಟ ರೈಲು
ತುಂಗೆಯ ಸೇತುವೆಗೆ ಹತ್ತಿರವಾಗುವ ಹಾಗೆ
ಪಿಸುಮಾತು ಬೆಳೆಯಿತು, ಬೆಳೆಯಿತು, ಕಿಟಕಿ ನಡುಗಿತು,
ಥಟ್ಟನೆ
ಏನೂ ಇಲ್ಲ.
ಟೀಚರ ಬೆರಳು ಗಾಳಿಯಲ್ಲಿ.
ನಾನು ಟೇಪಿನ ತುದಿ ಹಿಡಿದು ಕಾದೆ.
ಆ ಖಾಲಿಯೊಳಗೆ ಪಕ್ಕದ ಮನೆಯ ಕುಕ್ಕರ್ ಕೂಗಿತು,
ಇಬ್ಬರೂ ನಕ್ಕೆವು.

ನನ್ನನ್ನು ಕಾಡಿದ್ದು ಮಾತ್ರ ಬೇರೆ.
ವಿಠ್ಠಲನ ಭಜನೆಯಲ್ಲಿ ಬೆಳೆದವನು ನಾನು;
ಷಡ್ಜ ಅಂದರೆ ನೆಲ. ನೆಲ ಎದ್ದು ನಡೆಯುವುದಿಲ್ಲ.
ಇಲ್ಲಿ ನೆಲವೇ ಎದ್ದು ಪಂಚಮದ ಮನೆಗೆ ಹೋಗಿ
ಜಗಲಿಯಲ್ಲಿ ಕೂತು ‘ಇದೇ ಸ’ ಅನ್ನುತ್ತದೆ!
ಅಲ್ಲೊಂದು ಹೊಸ ಧಾಟಿಯ ಗುರುತಾಗುತ್ತದೆ.
ಆಮೇಲೆ ಜಗಳ, ಅಲೆದಾಟ,
ಯಾರ ಅಂಗಿ ಯಾರ ಮೈಮೇಲೋ,
ಅಂತೂ ಕೊನೆಗೆ ಹಳೆಯ ಬಾಗಿಲು.
ಆ ಹೊಸ ಧಾಟಿಯೂ ಹಿಂದೆಯೇ ಬಂತು,
ಅದೇ ಮಾತು ಆಡಿತು,
ಈಗ ಈ ಮನೆಯ ಶ್ರುತಿಯಲ್ಲಿ.

‘ಹೊಂದಿಕೊಂಡಿತಾ, ಸೋತಿತಾ?’ ಕೇಳಿಯೇಬಿಟ್ಟೆ.
ಕುಂದಾಪುರದಿಂದ ಮದುವೆಯಾಗಿ ಘಟ್ಟ ಹತ್ತಿದ ಟೀಚರ್
ಆ ಮೂಕ ಮನೆಯನ್ನು ಎರಡು ಸಲ ಒತ್ತಿದರು.
ಟಕ್, ಟಕ್.
ಬರೀ ಮರದ ಸದ್ದು.

ಅಂಗಡಿಗೆ ಬಂದು ಅಳತೆಯ ಚೀಟಿ ಬಿಡಿಸಿದರೆ
ಉದ್ದ ಇಲ್ಲ, ಅಗಲ ಇಲ್ಲ.
ನನ್ನದೇ ಕೈಬರಹದಲ್ಲಿ:
ನಾಲ್ಕು. ನಾಲ್ಕು. ನಾಲ್ಕು. ಐದು.

ಮತ್ತೆ ಹೋಗಬೇಕು, ಬರುವ ಭಾನುವಾರ.
ನುಸಿಗೆ ಇನ್ನೊಂದು ವಾರ ಊಟ.